15,000 ಲೂಮೆನ್ ಎಂಬ ಹಸಿ ಸುಳ್ಳು



ಎರಡು ತಿಂಗಳಿಂದ ಈ ಪುಟದಲ್ಲಿ ಏನನ್ನೂ ಬರೆದಿರಲಿಲ್ಲ. ಮಂಡಿನೋವಿನ ನೆಪ ಹೇಳಬಹುದು. ನಿಜವಾದ ಕಾರಣ ಸೋಮಾರಿತನ. ಇಂದು ಕೋಪ ಬಂದಿದೆ, ಆದ್ದರಿಂದ ಬರೆಯುತ್ತಿದ್ದೇನೆ. ತರಗತಿಯಲ್ಲಿ ನಾನು ಕೋಪಿಸಿಕೊಂಡಾಗ ಹಿಂದಿನ ಬೆಂಚಿನವರು ಹೇಗೆ ತಲೆ ತಗ್ಗಿಸಿ ಮುಸಿಮುಸಿ ನಗುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಈಗಲೂ ನಗಿ, ಅಡ್ಡಿಯಿಲ್ಲ. ಆದರೆ ಕೊನೆಯವರೆಗೆ ಓದಿ.

ನನ್ನ ಅಕ್ಕನಿಗೆ ಈಗ 76. ಹೊಸದಾಗಿ ಮದುವೆಯಾಗಿದ್ದ ಅವಳು 1967ರ ಬೇಸಿಗೆಯಲ್ಲಿ, ನಮ್ಮೂರ ತೋಪಿನ ಪಕ್ಕದಲ್ಲಿ ಬಿಡಾರ ಹೂಡಿದ್ದ ಟೆಂಟ್ ಸಿನಿಮಾದಲ್ಲಿ ಭಾವನವರ ಜೊತೆ 'ಸತ್ಯ ಹರಿಶ್ಚಂದ್ರ' ನೋಡಿದ್ದಳು. (ಚಿತ್ರ ಬಿಡುಗಡೆಯಾದದ್ದು 1965ರಲ್ಲಿ, ನಮ್ಮಂಥ ಊರಿಗೆ ಬರುವ ಹೊತ್ತಿಗೆ ಪ್ರಿಂಟಿನ ತುಂಬ ಗೀರುಗಳ ಮಳೆ.) ಎಂಟು ವರ್ಷದ ನಾನೂ ಬಾಲದಂತೆ ಹಿಂದೆ ಹೋಗಿ, ನೆಲದ ಕ್ಲಾಸಿನ ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕುಳಿತಿದ್ದೆ. ಭಾವನವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಯಾರನ್ನೂ ಏನನ್ನೂ ಕೇಳದ ಅಕ್ಕ ಈ ವರ್ಷ ಹಬ್ಬದಲ್ಲಿ ಮಾತಿನ ನಡುವೆ, "ಆ ಸಿನಿಮಾ ಇನ್ನೊಂದ್ಸಲ ದೊಡ್ಡದಾಗಿ ನೋಡ್ಬೇಕು ಕಣೋ. ಟೀವೀಲಲ್ಲ" ಎಂದಳು. ಅಲ್ಲೇ ಇದ್ದ ಅವಳ ಮೊಮ್ಮಗ ಅದನ್ನು ಕೇಳಿಸಿಕೊಂಡ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗ. ಒಂಬತ್ತು ಸಾವಿರ ರೂಪಾಯಿ ಕೊಟ್ಟು ಒಂದು ಪ್ರೊಜೆಕ್ಟರನ್ನು ತರಿಸಿಯೇಬಿಟ್ಟ. ಪೆಟ್ಟಿಗೆಯ ಮೇಲೆ ಕೆಂಪಕ್ಷರಗಳಲ್ಲಿ '15,000 ಲೂಮೆನ್' ಎಂದೂ, ಅದರ ಕೆಳಗೆ '4ಕೆ' ಎಂದೂ, ಮತ್ತೂ ಕೆಳಗೆ '300 ಇಂಚಿನ ಚಿತ್ರಮಂದಿರ ನಿಮ್ಮ ಮನೆಯಲ್ಲಿ' ಎಂಬರ್ಥದ ಮಾತೂ ಇದ್ದವು.

ಒಂದು ಭಾನುವಾರ ಸಂಜೆ ಐದೂವರೆಗೆ ಹಜಾರದ ಗೋಡೆಯ ಮೇಲೆ ನೂರು ಇಂಚಿನ ಚಿತ್ರ ಬಿಟ್ಟರು. ಕಿಟಕಿಗಳು ತೆರೆದಿದ್ದವು. ಅಕ್ಕ ಬೇರೆ ಸೀರೆ ಉಟ್ಟು, ತಲೆಗೆ ಹೂವಿಟ್ಟು ಬಂದು ಕುರ್ಚಿಯಲ್ಲಿ ಕುಳಿತಳು. ಹುಡುಗ ಅವಳಿಗೆ ಇಷ್ಟವೆಂದು ಸ್ಮಶಾನದ ದೃಶ್ಯವನ್ನೇ ಮೊದಲು ಹಾಕಿದ. ಇರುಳಿನ ಸ್ಮಶಾನ! ಗೋಡೆಯ ಮೇಲೆ ಕಂಡದ್ದು ಬೂದಿ ಬಳಿದಂಥ ಒಂದು ಚೌಕ, ಅದರೊಳಗೆ ಅಲುಗಾಡುವ ಇನ್ನಷ್ಟು ಬೂದಿ. ಅಕ್ಕ ಎರಡು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಯಾರಿಗೂ ನೋವಾಗಬಾರದೆಂಬ ದನಿಯಲ್ಲಿ, "ನಂಗೆ ಸರಿಯಾಗಿ ಕಾಣಿಸ್ತಿಲ್ಲ ಕಣಪ್ಪ. ಆಪರೇಷನ್ ಮಾಡಿಸಿದ್ದ ಕಣ್ಣೂ ಹೋಯ್ತು ಅನ್ಸತ್ತೆ. ನೀವು ನೋಡಿ" ಎಂದು ಎದ್ದು ಒಳಗೆ ಹೋದಳು.

ಮರುದಿನವೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಕಣ್ಣಿಗೆ ಏನೂ ಆಗಿರಲಿಲ್ಲ. ಆದರೆ ಆ ಒಂದು ರಾತ್ರಿ ಅಕ್ಕ ನಿದ್ರೆ ಮಾಡಲಿಲ್ಲವೆಂದು ನನ್ನ ಸೊಸೆ ಹೇಳಿದಳು. ಒಂದು ಕಾರ್ಖಾನೆಯವನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ ಸುಳ್ಳನ್ನು ನಂಬಿದ ನಮ್ಮ ಮನೆಯಲ್ಲಿ, ಒಬ್ಬ ಮುದುಕಿ ತನ್ನ ಕಣ್ಣನ್ನೇ ಸುಳ್ಳೆಂದು ಭಾವಿಸಿದಳು. ನನ್ನ ಕೋಪಕ್ಕೆ ಕಾರಣ ಇದು. ಒಂಬತ್ತು ಸಾವಿರ ಹೋದರೆ ಹೋಗಲಿ.

ಈ ಸಂಗತಿಯನ್ನು 1998ರ ತಂಡದ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡಾಗ ನಿಮ್ಮಲ್ಲಿ ಕೆಲವರು ಬರೆದ ಉತ್ತರಗಳು ನನ್ನನ್ನು ಇನ್ನಷ್ಟು ಕೆರಳಿಸಿದವು. "ಮೇಷ್ಟ್ರೇ, ಆ ಬೆಲೆಗೆ ಇಷ್ಟೇ ಬರುವುದು" ಎಂದು ಒಬ್ಬರು. "ಎಲ್ಲ ಕಂಪನಿಯವರೂ ಹೀಗೇ ಬರೆಯುತ್ತಾರೆ ಸಾರ್, ನಿಜ ಬರೆದರೆ ಯಾರೂ ಕೊಳ್ಳುವುದಿಲ್ಲ" ಎಂದು ಇನ್ನೊಬ್ಬರು. "ಎರಡು ಲಕ್ಷ ಹಾಕಿ ಒಳ್ಳೆಯದು ತೆಗೆದುಕೊಳ್ಳಿ" ಎಂದು ಅಮೆರಿಕದಲ್ಲಿರುವ ಮಗದೊಬ್ಬರು. ಈ ಮೂರೂ ಉತ್ತರಗಳು ತಪ್ಪೆಂದು ನಾನು ಸಾಧಿಸಲು ಹೊರಟಿದ್ದೇನೆ. ಕಡಿಮೆ ಖರ್ಚಿನಲ್ಲಿ ಮನೆಯಲ್ಲಿ ಸಿನಿಮಾ ನೋಡಬೇಕೆನ್ನುವವರು ಕೊಳ್ಳಬೇಕಾದದ್ದು ಲೂಮೆನ್ನುಗಳನ್ನಲ್ಲ, ಕತ್ತಲೆಯನ್ನು. ಕತ್ತಲೆಯನ್ನು ಅಂಗಡಿಯವನು ಮಾರಲಾರ. ಆದ್ದರಿಂದಲೇ ಅವನು ಅದರ ಸುದ್ದಿ ಎತ್ತುವುದಿಲ್ಲ.

ಮೊದಲು ಸುಳ್ಳನ್ನು ಅಳೆದು ತೋರಿಸುತ್ತೇನೆ. ವಿದ್ಯುತ್ ಗುತ್ತಿಗೆದಾರನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಲಕ್ಸ್ ಮೀಟರನ್ನು ಎರವಲು ತಂದೆ. ಪ್ರೊಜೆಕ್ಟರಿನ ಬೆಳಕನ್ನು ಅಳೆಯಲು ಜಗತ್ತು ಒಪ್ಪಿದ ಒಂದು ಕ್ರಮವಿದೆ. ಅಮೆರಿಕದ ಎಎನ್‌ಎಸ್‌ಐ ಸಂಸ್ಥೆ 1992ರಲ್ಲೇ ಅದನ್ನು ಗೊತ್ತುಪಡಿಸಿತು, ಈಗ ಐಎಸ್‌ಒ 21118 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ಕ್ರಮ ಸರಳ. ಕೋಣೆಯನ್ನು ಕತ್ತಲು ಮಾಡಿ, ತೆರೆಯ ತುಂಬ ಬಿಳಿಯ ಬೆಳಕನ್ನು ಬಿಟ್ಟು, ಅದನ್ನು ಒಂಬತ್ತು ಸಮಾನ ಚೌಕಗಳಾಗಿ ಭಾಗಿಸಿಕೊಂಡು, ಪ್ರತಿ ಚೌಕದ ನಡುವೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆದು, ಸರಾಸರಿ ತೆಗೆದು, ತೆರೆಯ ವಿಸ್ತೀರ್ಣದಿಂದ ಗುಣಿಸುವುದು. ಎಂಬತ್ತು ಇಂಚಿನ ಚಿತ್ರದ ಅಗಲ 177 ಸೆಂ.ಮೀ., ಎತ್ತರ ಸುಮಾರು ಒಂದು ಮೀಟರು, ವಿಸ್ತೀರ್ಣ 1.76 ಚದರ ಮೀಟರು. ನನಗೆ ಸಿಕ್ಕ ಸರಾಸರಿ 85 ಲಕ್ಸ್. ಗುಣಿಸಿ ನೋಡಿ: 150 ಲೂಮೆನ್. ಪೆಟ್ಟಿಗೆಯ ಮೇಲಿನ ಸಂಖ್ಯೆಯ ನೂರನೆಯ ಒಂದು ಭಾಗ.

ನನ್ನ ಅಳತೆಯಲ್ಲಿ ಹತ್ತಿಪ್ಪತ್ತು ಲೂಮೆನ್ ಹೆಚ್ಚುಕಡಿಮೆ ಇದ್ದೀತು. ನೂರು ಪಟ್ಟು ಹೆಚ್ಚುಕಡಿಮೆ ಇರಲಾರದು. ಅಳೆಯುವ ಸಾಧನವೇ ಇಲ್ಲದಿದ್ದರೂ ಈ ಸುಳ್ಳನ್ನು ಹಿಡಿಯಬಹುದು. ಅಡಾಪ್ಟರಿನ ಮೇಲೆ 12 ವೋಲ್ಟ್, 5 ಆಂಪಿಯರ್ ಎಂದು ಬರೆದಿತ್ತು. ಗುಣಾಕಾರ ನಿಮಗೆ ಗೊತ್ತು, 60 ವ್ಯಾಟ್. ಮನೆಯಲ್ಲಿರುವ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಪೆಟ್ಟಿಗೆ ನೋಡಿ, ಅದರ ಮೇಲೆ 900 ಲೂಮೆನ್ನಿನ ಆಸುಪಾಸಿನ ಸಂಖ್ಯೆ ಇರುತ್ತದೆ. ವ್ಯಾಟಿಗೆ ನೂರು ಎಂದಿಟ್ಟುಕೊಳ್ಳಿ. ಅರವತ್ತು ವ್ಯಾಟನ್ನೂ ದೀಪಕ್ಕೇ ಸುರಿದರೂ ಆರು ಸಾವಿರ ಲೂಮೆನ್. ಅದೂ ದೀಪದ ಬುಡದಲ್ಲಿ. ಈ ಅಗ್ಗದ ಯಂತ್ರಗಳೊಳಗೆ ಬೆಳಕು ಒಂದೇ ಎಲ್‌ಸಿಡಿ ಫಲಕವನ್ನು ಹಾಯ್ದು ಬರಬೇಕು. ಧ್ರುವೀಕಾರಕ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಉಳಿದುದರಲ್ಲಿ ಸುಮಾರು ಮೂರನೆ ಎರಡು ಭಾಗ ಬಣ್ಣದ ಶೋಧಕಗಳ ಪಾಲು. ಮಸೂರಕ್ಕೆ ಸಿಗದೆ ಅಕ್ಕಪಕ್ಕ ಚೆಲ್ಲಿಹೋಗುವುದು ಬೇರೆ. ಕೊನೆಗೆ ಗೋಡೆ ಮುಟ್ಟುವುದು ನೂರೈವತ್ತೋ ಇನ್ನೂರೋ. ನಿಜವಾಗಿ 15,000 ಲೂಮೆನ್ ಕೊಡುವ ಪ್ರೊಜೆಕ್ಟರುಗಳು ಇವೆ. ದೊಡ್ಡ ಸಭಾಂಗಣಗಳಲ್ಲಿ, ಬಯಲು ವೇದಿಕೆಗಳಲ್ಲಿ ಅವುಗಳ ಬಳಕೆ. ಅವನ್ನು ಎತ್ತಲು ಇಬ್ಬರು ಬೇಕು, ಕೊಳ್ಳಲು ಲಕ್ಷಗಳು ಬೇಕು.

'4ಕೆ' ಎಂಬುದೂ ಇದೇ ಜಾತಿಯದು. ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಸಪೋರ್ಟ್' ಎಂದಿರುತ್ತದೆ. ಯಂತ್ರ 4ಕೆ ಸಂಕೇತವನ್ನು ಒಳಗೆ ಬರಗೊಡುತ್ತದೆ ಎಂದಷ್ಟೇ ಅದರ ಅರ್ಥ. ನಮ್ಮ ಹುಡುಗ ತಂದದ್ದರ ಒಳಗಿನ ಫಲಕದಲ್ಲಿರುವುದು 1280×720 ಚುಕ್ಕೆಗಳು. ಇಪ್ಪತ್ತು ಮಂದಿಗೆ ಅನ್ನ ಹಾಕುವ ಪಾತ್ರೆಯಲ್ಲಿ ಇನ್ನೂರು ಮಂದಿಯ ಅಕ್ಕಿ ಸುರಿದರೆ ಇನ್ನೂರು ಮಂದಿಗೆ ಊಟವಾಗುವುದಿಲ್ಲ. ಕೊಳ್ಳುವಾಗ 'ನೇಟಿವ್' ರೆಸಲ್ಯೂಷನ್ ಎಷ್ಟು ಎಂಬ ಒಂದು ಮಾತನ್ನು ಕೇಳಿ. ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ.

"ಎಲ್ಲರೂ ಹೀಗೇ ಬರೆಯುತ್ತಾರೆ" ಎಂದ ಶಿಷ್ಯನಿಗೆ ಒಂದು ಮಾತು. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದವನಪ್ಪ ನಾನು. ಕೊಠಡಿಯ ತುಂಬ ಚೀಟಿ ನಡೆಯುತ್ತಿದ್ದರೆ ನಷ್ಟವಾಗುವುದು ಪರೀಕ್ಷಾ ಮಂಡಲಿಗಲ್ಲ, ಓದಿಕೊಂಡು ಬಂದ ಆ ಒಬ್ಬ ಹುಡುಗನಿಗೆ. ಇಲ್ಲಿಯೂ ಹಾಗೆಯೇ. ತನ್ನ ಪ್ರೊಜೆಕ್ಟರು 400 ಎಎನ್‌ಎಸ್‌ಐ ಲೂಮೆನ್ ಎಂದು ಪ್ರಾಮಾಣಿಕವಾಗಿ ಬರೆದವನ ಪೆಟ್ಟಿಗೆ 15,000ದ ಪಕ್ಕದಲ್ಲಿ ಕುಳಿತು ನಾಚಿಕೊಳ್ಳಬೇಕಾಗಿದೆ. "ಎಲ್ಲರೂ ಹೀಗೇ" ಎಂದು ನೀನು ಹೇಳಿದಾಗಲೆಲ್ಲ ಅವನ ಮುಖಕ್ಕೆ ನೀನೇ ಮಸಿ ಬಳಿಯುತ್ತಿರುವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಸ್ಪಷ್ಟವಾದ ವಿಧಿಗಳಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ವಸ್ತುವನ್ನು ಹಿಂದಿರುಗಿಸುವ ಅವಧಿ ನಮಗೆ ಮೀರಿಹೋಗಿತ್ತು. ಆದರೂ ನನ್ನ ಒಂಬತ್ತು ಅಳತೆಗಳನ್ನು ಪಟ್ಟಿ ಮಾಡಿ ದೂರು ಕೊಡಿಸಿದ್ದೇನೆ. ಹಣ ಬರುತ್ತದೆಂದಲ್ಲ. ಎಲ್ಲೋ ಒಂದು ಕಡತದಲ್ಲಿ ನಿಜವಾದ ಸಂಖ್ಯೆಯೊಂದು ದಾಖಲಾಗಿರಲಿ ಎಂದು.

ಇನ್ನು, ಯಂತ್ರದ್ದು ಎಷ್ಟು ತಪ್ಪೋ ನಮ್ಮದೂ ಅಷ್ಟೇ ತಪ್ಪು ಎಂಬ ವಿಚಾರಕ್ಕೆ ಬರುತ್ತೇನೆ. ಆ ಸಂಜೆ ಐದೂವರೆಯ ಬೆಳಕಿನಲ್ಲಿ ಗೋಡೆಯ ಮೇಲೆ ಬರಿದೇ ಎಷ್ಟು ಲಕ್ಸ್ ಬೀಳುತ್ತಿತ್ತು? ಮತ್ತೊಂದು ಭಾನುವಾರ ಅದೇ ಹೊತ್ತಿಗೆ ಅಳೆದೆ: 70. ನೂರು ಇಂಚಿನ ಚಿತ್ರದ ವಿಸ್ತೀರ್ಣ 2.76 ಚದರ ಮೀಟರು. 150 ಲೂಮೆನ್ನನ್ನು ಅಷ್ಟಕ್ಕೆ ಹರಡಿದರೆ ಸಿಗುವುದು 54 ಲಕ್ಸ್. ಎಂದರೆ ಚಿತ್ರದ ಅಚ್ಚಬಿಳಿ 124, ಅಚ್ಚಗಪ್ಪು 70. ಕಪ್ಪಿಗಿಂತ ಬಿಳಿ ಎರಡು ಪಟ್ಟೂ ಇಲ್ಲ! ಪ್ರೊಜೆಕ್ಟರು ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಚಿತ್ರದಲ್ಲಿ ಕಪ್ಪೆಂದು ನಾವು ಕಾಣುವುದು ಅದು ಬೆಳಕು ಎಸೆಯದೆ ಬಿಟ್ಟ ಗೋಡೆಯನ್ನು. ಗೋಡೆ ಹಗಲಿನಲ್ಲಿದ್ದರೆ ಹರಿಶ್ಚಂದ್ರನ ಸ್ಮಶಾನವೂ ಹಗಲಿನಲ್ಲಿರುತ್ತದೆ.

ಇದನ್ನು ನಮ್ಮೂರಿನ ಟೆಂಟಿನವನು ಬಲ್ಲವನಾಗಿದ್ದ. ಅವನು ಭೌತಶಾಸ್ತ್ರ ಓದಿದವನಲ್ಲ. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡಿಕೊಳ್ಳುತ್ತಿದ್ದ ಅವನು, ಎಷ್ಟೇ ಜನ ಸೇರಿ ಗಲಾಟೆ ಮಾಡಿದರೂ ಸೂರ್ಯ ಮುಳುಗಿ ಟೆಂಟಿನ ತೂತುಗಳೆಲ್ಲ ಕಪ್ಪಾಗುವ ತನಕ ಆಟ ಶುರು ಮಾಡುತ್ತಿರಲಿಲ್ಲ. ದೇವರ ಹಾಡಿನ ರೆಕಾರ್ಡು ಹಾಕಿದನೆಂದರೆ ಕತ್ತಲಾಯಿತೆಂದು ಅರ್ಥ. ಮನೆಯಲ್ಲಿ ಅಡಿಗೆಯ ಕೆಲಸ ಅರ್ಧಕ್ಕೆ ಬಿಟ್ಟು ಹೆಂಗಸರು ಓಡುತ್ತಿದ್ದರು. ಅವನಿಗಿದ್ದ ಆ ತಾಳ್ಮೆ, ಇಂಜಿನಿಯರಿಂಗ್ ಓದಿದ ನಮ್ಮ ಹುಡುಗನಿಗೂ ಬಿ.ಎಡ್. ಮಾಡಿದ ನನಗೂ ಇಲ್ಲದೆ ಹೋಯಿತಲ್ಲ!

ಗಾತ್ರದ ದುರಾಸೆ ಇನ್ನೊಂದು. 300 ಇಂಚು! ಎಂಟನೆಯ ತರಗತಿಯಲ್ಲಿ ನಿಮಗೆಲ್ಲ ಟಾರ್ಚು ಹಿಡಿದು ತೋರಿಸಿದ್ದೆ, ನೆನಪಿದೆಯೇ? ಕರಿಹಲಗೆಯ ಮೇಲೆ ಬೆಳಕಿನ ವೃತ್ತದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಸಿ, ಎರಡರಷ್ಟು ದೂರ ಹಿಂದೆ ಸರಿದು, ಮತ್ತೆ ಎಳೆಸುತ್ತಿದ್ದೆ. ವ್ಯಾಸ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಬೆಳಕು ಕಾಲುಭಾಗ. ನೀವು ಅದನ್ನು ಎರಡು ಅಂಕದ ಪ್ರಶ್ನೆಗೆಂದು ಕಲಿತಿರಿ; ನಾನೂ ಬಹುಶಃ ಹಾಗೆಯೇ ಕಲಿಸಿದೆನೇನೋ. ಡಿಜಿಟಲ್ ಚಿತ್ರಮಂದಿರದಲ್ಲಿ ತೆರೆಯ ಬಿಳುಪು ಚದರ ಮೀಟರಿಗೆ 48 ಕ್ಯಾಂಡೆಲಾ ಇರಬೇಕೆಂಬುದು ನಿಯಮ. ಮಿರುಗದ ಬಿಳಿ ಗೋಡೆಯ ಮೇಲೆ ಅಷ್ಟು ಹೊಳಪು ಬರಲು ಸುಮಾರು 150 ಲಕ್ಸ್ ಬೀಳಬೇಕು. ನೂರು ಇಂಚಿಗೆ ಲೆಕ್ಕ ಹಾಕಿದರೆ ನಾನೂರು ಚಿಲ್ಲರೆ ನಿಜವಾದ ಲೂಮೆನ್. ಅಷ್ಟೇ. ಅರವತ್ತು ಇಂಚಿನ ಚಿತ್ರದ ವಿಸ್ತೀರ್ಣವೋ, ಹೆಚ್ಚುಕಡಿಮೆ ಒಂದು ಚದರ ಮೀಟರು. ಎಂದರೆ ನಮ್ಮ ಸುಳ್ಳುಪೆಟ್ಟಿಗೆಯೊಳಗಿನ ಬಡ 150 ಲೂಮೆನ್ನು ಕೂಡ, ಪೂರ್ತಿ ಕತ್ತಲೆಯಲ್ಲಿ, ಅರವತ್ತು ಇಂಚಿಗೆ ಚಿತ್ರಮಂದಿರದ ಹೊಳಪನ್ನೇ ಕೊಡುತ್ತದೆ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಎರಡು ಲಕ್ಷ ಹಾಕೆಂದ ಶಿಷ್ಯನಿಗೆ ನನ್ನ ಉತ್ತರವೂ ಅದೇ ಹಾಳೆಯಲ್ಲಿದೆ.

ಖರ್ಚು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಜಾರವನ್ನು ಬಿಟ್ಟು, ಹತ್ತಕ್ಕೆ ಹನ್ನೆರಡು ಅಡಿಯ ಒಳಕೋಣೆಯನ್ನು ಆರಿಸಿಕೊಂಡೆವು. ಅದಕ್ಕಿರುವುದು ಒಂದೇ ಕಿಟಕಿ. ಕಿಟಕಿಗೆ ಬೆಳಕು ತೂರದ ದಪ್ಪ ಬಟ್ಟೆಯ ಪರದೆ ಹೊಲಿಸಿದೆವು, ಚೌಕಟ್ಟಿಗಿಂತ ನಾಲ್ಕೂ ಕಡೆ ಅರ್ಧ ಅಡಿ ಹೆಚ್ಚು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲನ್ನು ಸುರುಳಿ ಸುತ್ತಿ ಇಟ್ಟದ್ದಾಯಿತು. ಗೋಡೆಗೆ ಪುಟ್ಟಿ ಹಾಕಿ ಉಜ್ಜಿಸಿ, ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿದೆವು. ಚಿತ್ರದ ಸುತ್ತ ನಾಲ್ಕು ಬೆರಳಗಲ ಕಪ್ಪು ಮಖಮಲ್ ಬಟ್ಟೆಯ ಅಂಚು. ಆ ಅಂಚಿನಿಂದ ಕಣ್ಣಿಗೆ ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ. ಕುಂಕುಮದ ಬಳಿ ಅರಿಶಿನ ಇಟ್ಟಂತೆ. ಎಲ್ಲ ಸೇರಿ ಮೂರು ಸಾವಿರದ ಇನ್ನೂರು ರೂಪಾಯಿ, ಬಣ್ಣದವನ ಕೂಲಿಯೂ ಸೇರಿ. ಪಂಚೆಯನ್ನೋ ಬೆಡ್‌ಶೀಟನ್ನೋ ತೂಗುಹಾಕುವ ಉಪಾಯವನ್ನು ಮಾತ್ರ ಮಾಡಬೇಡಿ. ತೆಳ್ಳನೆಯ ಬಟ್ಟೆಯಲ್ಲಿ ಬೆಳಕಿನ ಒಂದು ಪಾಲು ಹಿಂದಕ್ಕೆ ತೂರಿ ಹೋಗುತ್ತದೆ. ಇರುವ ನೂರೈವತ್ತರಲ್ಲಿ ದಾನ ಮಾಡುವಷ್ಟು ನಮ್ಮಲ್ಲಿ ಇಲ್ಲ.

ಹುಡುಗ ಪ್ರೊಜೆಕ್ಟರನ್ನು ಮಣೆಯ ಮೇಲಿಟ್ಟು, ಮೂತಿ ಮೇಲೆತ್ತಿ, ಓರೆಯಾದ ಚಿತ್ರವನ್ನು ಮೆನುವಿನಲ್ಲಿ ನೇರ ಮಾಡಿದ್ದ. ಹಾಗೆ ನೇರ ಮಾಡುವುದೆಂದರೆ ಫಲಕದ ಒಂದು ಭಾಗವನ್ನು ಬಳಸದೆ ಬಿಟ್ಟು ಚಿತ್ರವನ್ನು ಕುಗ್ಗಿಸುವುದು. ಇರುವ ಚುಕ್ಕೆಗಳೇ ಕಡಿಮೆ, ಅದರಲ್ಲೂ ನಷ್ಟ. ಬಡಗಿಯಿಂದ ಎದುರು ಗೋಡೆಗೆ ಒಂದು ಹಲಗೆ ಹೊಡೆಸಿ, ಮಸೂರ ತೆರೆಗೆ ನೇರ ಮುಖ ಮಾಡುವಂತೆ ಇಟ್ಟೆ. ಧ್ವನಿಯದು ಬೇರೆಯೇ ಕಥೆ. ಯಂತ್ರದೊಳಗಿನ ಸ್ಪೀಕರು ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಬ್ಲೂಟೂತ್ ಸ್ಪೀಕರಿಗೆ ಕೊಟ್ಟರೆ ಮಾತು ತುಟಿಗಿಂತ ತುಸು ಹಿಂದೆ ಬೀಳುತ್ತದೆ. ಪ್ರತಿ ಪಾತ್ರವೂ ಅಶರೀರವಾಣಿಗೆ ಬಾಯಿ ಆಡಿಸಿದಂತೆ. ಅಟ್ಟದಲ್ಲಿ ಮಲಗಿದ್ದ 2001ರ ಮ್ಯೂಸಿಕ್ ಸಿಸ್ಟಮನ್ನು ಇಳಿಸಿ, ಎಂಬತ್ತು ರೂಪಾಯಿಯ ತಂತಿಯಿಂದ ಜೋಡಿಸಿದೆ. ಅಕ್ಕನ ಕಿವಿಗೂ ಈಗ ಸ್ವಲ್ಪ ಮಂದ, ಆದ್ದರಿಂದ ಒಂದು ಸ್ಪೀಕರನ್ನು ಅವಳ ಕುರ್ಚಿಯ ಹತ್ತಿರವೇ ಇಟ್ಟಿದ್ದೇವೆ.

ಕಚೇರಿ, ಕಾಲೇಜುಗಳವರು ಬದಲಾಯಿಸಿ ಬಿಟ್ಟ ಹಳೆಯ ಪ್ರೊಜೆಕ್ಟರು ಕೊಳ್ಳಬಹುದೇ ಎಂದು ನೀವು ಕೇಳಬಹುದು. ಕೊಳ್ಳಬಹುದು, ಅವುಗಳ ಎರಡು ಮೂರು ಸಾವಿರ ಲೂಮೆನ್ ಬಹುಮಟ್ಟಿಗೆ ನಿಜವಾದ ಲೂಮೆನ್. ಮೆನುವಿನೊಳಗೆ ದೀಪ ಎಷ್ಟು ಗಂಟೆ ಉರಿದಿದೆಯೆಂದು ನೋಡಿ, ಹೊಸ ದೀಪದ ಬೆಲೆಯನ್ನು ಮೊದಲೇ ವಿಚಾರಿಸಿ. ಪಾದರಸದ ಆ ದೀಪಗಳು ಆರಿದ ಮೇಲೂ ಫ್ಯಾನು ಕೆಲ ನಿಮಿಷ ತಿರುಗಿ ತಣಿಸಬೇಕು. ನಮ್ಮಂಥ, ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕಬೇಡಿ. 1024×768ರ ಹಳೆಯ ಮಾದರಿಯಾದರೆ ಕಪ್ಪು-ಬಿಳುಪು ಕಾಲದ ಚಿತ್ರಗಳ ಆಕಾರಕ್ಕೆ ಅದು ಸೊಗಸಾಗಿ ಹೊಂದುತ್ತದೆ. ಇನ್ನು ಹಗಲಿನಲ್ಲಿ ಕ್ರಿಕೆಟ್ಟು, ವಾರ್ತೆ ನೋಡುವವರು, ಕಿಟಕಿ ಮುಚ್ಚಲಾರದವರು, ಮಕ್ಕಳು ಓದುತ್ತಾರೆಂದು ದೀಪ ಆರಿಸಲಾಗದವರು ದಯವಿಟ್ಟು ಟೀವಿಯನ್ನೇ ಕೊಳ್ಳಿ. ಅದರಲ್ಲಿ ಅವಮಾನವೇನಿಲ್ಲ. ನನ್ನ ಜಗಳ ಟೀವಿಯ ಜೊತೆಗಲ್ಲ.

ಕಳೆದ ಶನಿವಾರ ರಾತ್ರಿ ಏಳೂವರೆಗೆ ಅದೇ ಪ್ರೊಜೆಕ್ಟರಿನಲ್ಲಿ ಮತ್ತೆ ಹಾಕಿದೆವು. ಅರವತ್ತೈದು ಇಂಚಿನ ಚಿತ್ರ, ಒಂಬತ್ತು ಜನ, ಅರ್ಧ ಮಂದಿ ಚಾಪೆಯ ಮೇಲೆ. ಹಳೆಯ ಕಪ್ಪು-ಬಿಳುಪಿನ ಪ್ರತಿಯನ್ನೇ ಹುಡುಕಿ ತಂದಿದ್ದ ಹುಡುಗ. 2008ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ್ದು ಅಕ್ಕನಿಗೆ ಬೇಡವಾಗಿತ್ತು. ಬರಲೊಲ್ಲೆನೆಂದ ಅವಳನ್ನು ನಾನೇ ಕೈಹಿಡಿದು ಕರೆತಂದು ಕೂರಿಸಿದೆ. ಒಂದು ಗಂಟೆಯವರೆಗೆ ಏನೂ ಮಾತಾಡಲಿಲ್ಲ. ನಾನು ಚಿತ್ರಕ್ಕಿಂತ ಅವಳ ಮುಖವನ್ನೇ ನೋಡುತ್ತಿದ್ದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಸ್ಮಶಾನ ಬಂದಿತು. ಕತ್ತಲೆ ಕತ್ತಲೆಯಾಗಿಯೇ ಇತ್ತು, ಚಿತೆಯ ಬೆಂಕಿ ಬೆಂಕಿಯಾಗಿಯೇ ಇತ್ತು, ರಾಜ್‌ಕುಮಾರರ ಮುಖದ ಬೆವರೂ ಕಾಣುತ್ತಿತ್ತು. ಆ ಹೊತ್ತಿಗೆ ಸೊಸೆ ಎಲ್ಲರಿಗೂ ಕಾಫಿ ತರಲೆಂದು ಎದ್ದು ಸ್ವಿಚ್ಚಿಗೆ ಕೈ ಹಾಕಿದಳು.

"ದೀಪ ಹಾಕ್ಬೇಡ್ವೇ," ಎಂದಳು ಅಕ್ಕ. "ಕಾಫಿ ಆಮೇಲೆ ಕುಡಿದ್ರಾಯ್ತು."